ಥರ್ಮೋಸ್ಟಾಟ್ ಕೀಳದೆ ಸಿಂಧನೂರಿನ ಬಿಸಿಲಿಗೆ ಹೊಂದಿಸಿದ ಗಾಡಿ

ಸಕಲೇಶಪುರ ಕಡೆ ಕಾಫಿ, ಟಿಂಬರ್ ಹೊಡೆಯುತ್ತಿದ್ದ ಹತ್ತು ಚಕ್ರದ ಗಾಡಿ ಸಿಂಧನೂರಿನ ಅಕ್ಕಿ ಲೋಡಿಗೆ ಬಂದಾಗ ಹೊರಗೆ 42 ಡಿಗ್ರಿ. ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಮುಟ್ಟತೊಡಗಿತು. ಎಲ್ಲರದೂ ಒಂದೇ ಮಾತು: "ಥರ್ಮೋಸ್ಟಾಟ್ ಕಿತ್ತು ಒಗೀರಿ, ಇಲ್ಲಾಂದ್ರ ಇಲ್ಲಿ ಗಾಡಿ ಓಡಂಗಿಲ್ಲ." ಇಂಜಿನ್ ಕಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಆ ಕವಾಟವನ್ನು ನಾನು ಕೀಳಲಿಲ್ಲ. ಈಗ ಮಧ್ಯಾಹ್ನ ಫುಲ್ ಲೋಡಿನಲ್ಲೂ ಮುಳ್ಳು 95 ಡಿಗ್ರಿಯ ಆಸುಪಾಸಲ್ಲೇ ನಿಲ್ಲುತ್ತದೆ.

ಈ ಇಂಜಿನ್‌ನಲ್ಲಿ ಥರ್ಮೋಸ್ಟಾಟ್ ಪೂರ್ತಿ ತೆರೆದಾಗಲೇ ಬೈಪಾಸ್ (ನೀರು ರೇಡಿಯೇಟರಿಗೆ ಹೋಗದೆ ಇಂಜಿನಿಗೇ ತಿರುಗುವ ದಾರಿ) ಮುಚ್ಚುವುದು. ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಮುಟ್ಟದೆ ವಾಪಸ್ ಬರುತ್ತದೆ. ರಾತ್ರಿ ಖಾಲಿ ಓಡುವಾಗ ಇಂಜಿನ್ ಬಿಸಿಯೇ ಏರದೆ ಡೀಸೆಲ್ ಕುಡಿಯುತ್ತದೆ.

ಕಾಯಿಲೆ ಇದ್ದದ್ದು ಟರ್ಬೋದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ. ಮಿಲ್ಲಿನ ಹೊಟ್ಟು, ಧೂಳು, ಸ್ವಲ್ಪ ಆಯಿಲ್ ಪಸೆ ಸೇರಿ ಕಂಬಳಿಯ ಹಾಗೆ ಕೂತಿತ್ತು. ಮುಂದಿನಿಂದ ನೋಡಿದರೆ ಕೋರ್ (ಟ್ಯೂಬ್, ತೆಳು ಫಿನ್‌ಗಳ ಜಾಲರಿ) ಫಳಫಳ. ಹೀಗೇ 20 ಸಾವಿರ ಕೊಟ್ಟು ಕೋರ್ ಬದಲಿಸಿ, ಹದಿನೈದೇ ದಿನಕ್ಕೆ ಮತ್ತೆ ಹೀಟ್ ಆದ ಗಾಡಿಗಳಿವೆ. ಇಂಟರ್‌ಕೂಲರ್ ಬೋಲ್ಟ್ ಬಿಚ್ಚಿ ಮುಂದಕ್ಕೆ ವಾಲಿಸಿ, ಫ್ಯಾನ್ ಕಡೆಯಿಂದ ಹೊರಕ್ಕೆ ಕಡಿಮೆ ಒತ್ತಡದಲ್ಲಿ ನೀರು ಬಿಡಬೇಕು. ವಾಟರ್ ಸರ್ವಿಸ್ ಗನ್ ಹತ್ತಿರ ಹಿಡಿದರೆ ಫಿನ್ ಮಡಚಿ ಗಾಳಿಯೇ ಹೋಗದು. ಮಿಲ್ ಸೀಸನ್‌ನಲ್ಲಿ ತಿಂಗಳಿಗೊಮ್ಮೆ ಬೇಕೇ ಬೇಕು.

ಮಲೆನಾಡಲ್ಲಿ ಹಳ್ಳದ ನೀರು ಸುರಿದರೂ ನಡೆಯುತ್ತಿತ್ತು. ಇಲ್ಲಿನ ಬೋರ್ ನೀರಿಗೆ ಟ್ಯೂಬ್ ಒಳಗೆ ಸುಣ್ಣ ಕಟ್ಟುತ್ತದೆ. ಟ್ಯೂಬಿಗೆ ಕಡ್ಡಿ ತೂರಿಸಿ ಸುಣ್ಣ ತೆಗೆಯುವ ರಾಡಿಂಗ್ ಮಾಡಿಸಿದ್ದಕ್ಕೆ ಸುಮಾರು ಮೂರು ಸಾವಿರ. ಆಮೇಲೆ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಕೂಲೆಂಟ್ ಹೆಚ್ಚಾದಷ್ಟೂ ತಂಪು ಎನ್ನುವುದು ಸುಳ್ಳು. ಶಾಖ ಹೊರುವುದರಲ್ಲಿ ನೀರೇ ಮುಂದು. ರೇಡಿಯೇಟರ್ ಕ್ಯಾಪ್ ರಬ್ಬರ್ ಸತ್ತಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಕೆಲವು ನೂರರ ಸಾಮಾನು, ಮೊದಲು ಅದನ್ನೇ ಬದಲಿಸಿ.

ವಿಸ್ಕಸ್ ಫ್ಯಾನ್ (ಕಾದಾಗ ಒಳಗಿನ ಸಿಲಿಕಾನ್ ಆಯಿಲಿನಿಂದ ಕ್ಲಚ್ ಹಿಡಿದು ಜೋರಾಗಿ ತಿರುಗುವ ಫ್ಯಾನ್): ಇಂಜಿನ್ ಕಾದಿದ್ದಾಗ ಆಫ್ ಮಾಡಿದರೆ ಫ್ಯಾನ್ ಬೇಗ ನಿಲ್ಲಬೇಕು. ಆಫ್ ಆದ ಮೇಲೂ ಸುಮ್ಮನೆ ತಿರುಗುತ್ತಿದ್ದರೆ ಫ್ಯಾನಿನ ಕ್ಲಚ್ ಹಿಡಿಯುತ್ತಿಲ್ಲ. ಹೊಸದಕ್ಕೆ ಒಂಬತ್ತು-ಹತ್ತು ಸಾವಿರ. ನಾನು ಸಿಲಿಕಾನ್ ಆಯಿಲ್ ತುಂಬಿ ಎಬ್ಬಿಸಿದೆ. ಎಷ್ಟು, ಯಾವ ದಪ್ಪದ್ದು ಎನ್ನುವುದು ನನ್ನ ಹತ್ತಿರವೇ ಇರಲಿ.

ಡೀಸೆಲ್ ಕಾಯದಿರಲಿ ಎಂದು ಟ್ಯಾಂಕಿಗೆ ಒದ್ದೆ ಗೋಣಿ ಸುತ್ತಿಯೂ ನೋಡಿದ್ದಾಯಿತು. ಗೋಣಿ ಅರ್ಧ ಗಂಟೆಗೇ ಒಣಗುತ್ತದೆ, ಅಡಿಯಲ್ಲಿ ತುಕ್ಕು ಹಿಡಿಯುತ್ತದೆ. ಅದರ ಬದಲು ಟ್ಯಾಂಕ್ ಅರ್ಧಕ್ಕಿಂತ ಇಳಿಯದಂತೆ ನೋಡಿಕೊಂಡರೆ ಇಂಜಿನ್‌ನಿಂದ ರಿಟರ್ನ್ ಆಗುವ ಬಿಸಿ ಡೀಸೆಲ್ ತಣ್ಣಗಾಗುತ್ತದೆ, ಏರಿನಲ್ಲಿ ಪಿಕಪ್ ಬಿಡುವುದಿಲ್ಲ.

ಟೈರಿಗೆ ಗಾಳಿ ಬೆಳಗ್ಗೆ ತಣ್ಣಗಿದ್ದಾಗಲೇ ಹಾಕಿಸಿ. ಮಧ್ಯಾಹ್ನ 15-20 ಪೌಂಡ್ ಏರಿತೆಂದು ಇಳಿಸಬೇಡಿ. ಇಳಿಸಿದರೆ ಸೈಡ್‌ವಾಲ್ ಹೆಚ್ಚು ಮಡಚಿ, ಇನ್ನೂ ಕಾದು, ಅಲ್ಲೇ ಸಿಡಿಯುತ್ತದೆ. ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿಯವರು ಹೊಗೆ ಶುದ್ಧಿಗೆ ಹಾಕುವ ಯೂರಿಯಾ ದ್ರಾವಣದ ಬಕೆಟನ್ನು ಬಾಡಿ ಮೇಲೆ ಬಿಸಿಲಿಗೆ ಕಟ್ಟಬೇಡಿ. 30 ಡಿಗ್ರಿ ದಾಟಿದಲ್ಲಿ ಬಹಳ ದಿನ ಇಟ್ಟರೆ ಕೆಡುತ್ತದೆ.