ಇನ್ನೂರು ಸಿಡಿಲು, ಒಂದು ಬೊಂಬೆ

163. ಆ ನಂಬರ್ ಇವತ್ತಿಗೂ ಮರ್ತಿಲ್ಲ ನಂಗೆ. ಫೈನಲ್ ಫ್ಯಾಂಟಸಿ 10 ಅನ್ನೋ ವಿಡಿಯೋ ಗೇಮ್‌ನ ಥಂಡರ್ ಪ್ಲೇನ್ಸ್ ಅನ್ನೋ ಸಿಡಿಲಿನ ಬಯಲಲ್ಲಿ ಸತತವಾಗಿ 163 ಸಿಡಿಲು ತಪ್ಪಿಸ್ಕೊಂಡು ನಿಂತಿದೀನಿ, ಇನ್ನು 37 ಆದ್ರೆ ಮುಗೀತು, ಅಷ್ಟ್ರಲ್ಲಿ ಅಡುಗೆಮನೆಯಿಂದ ಅಮ್ಮ "ಗುಡುಗೋದು ಕೇಳ್ಸಲ್ವನೋ ನಿಂಗೆ, ಟಿವಿ ಪ್ಲಗ್ ತೆಗಿ ಮಾರಾಯ" ಅಂತ ಕೂಗಿದ್ಲು. ಯಾವ ಗುಡುಗು ಆಟದ್ದು ಯಾವುದು ಹೊರಗಿಂದು ಅನ್ನೋದೇ ನಂಗೆ ಗೊತ್ತಾಗ್ತಿರ್ಲಿಲ್ಲ. "ಐದೇ ನಿಮಿಷ ಅಮ್ಮ" ಅಂದೆ. ಮಲೆನಾಡಲ್ಲಿ ಮೇ ತಿಂಗಳ ಸಂಜೆ ಗುಡುಗು ಶುರುವಾದ್ಮೇಲೆ ಐದು ನಿಮಿಷ ಅನ್ನೋ ಲೆಕ್ಕ ಯಾರ ಮನೇಲೂ ನಡೆಯಲ್ಲ, ನಮ್ಮನೇಲಂತೂ ಹಿಂದೊಂದ್ಸಲ ಟಿವಿ ಸುಟ್ಟು ಹೋಗಿದ್ದ ಕಥೆ ಬೇರೆ ಇದೆ. ಬಂದ್ಲು, ಪ್ಲಗ್ ಕಿತ್ಲು, ಡಿಶ್ ವೈರೂ ಕಿತ್ಲು, ಒಳಗೆ ಹೋದ್ಲು. ಸ್ಕ್ರೀನು ಕಪ್ಪು.

ಇದು 2020ರ ಮಾತು, ಲಾಕ್‌ಡೌನ್ ಅಂತ ಪ್ಲೇಸ್ಟೇಷನ್ 4 (ಪಿಎಸ್4) ಕಟ್ಕೊಂಡು ಊರಿಗೆ ಬಂದಿದ್ದೆ. ಆಟ ಹಳೇದು, 2001ರಲ್ಲಿ ಪಿಎಸ್2ಗೆ ಬಂದಿದ್ದು, ನಾನು ಆಡ್ತಿದ್ದಿದ್ದು ಎಚ್‌ಡಿ ರೀಮಾಸ್ಟರ್, ಅಂದ್ರೆ ಚಿತ್ರ ಚೊಕ್ಕ ಮಾಡಿ ಮತ್ತೆ ಬಿಟ್ಟಿದ್ದು. ಕಥೆ ಮುಗ್ಸೋದಷ್ಟೇ ಆಗಿದ್ರೆ ಯಾವತ್ತೋ ಮುಗ್ಸಿರ್ತಿದ್ದೆ, ಆದ್ರೆ ನಂಗೆ ಆ ಏಳು ಸೆಲೆಸ್ಟಿಯಲ್ ಆಯುಧಗಳ ಹುಚ್ಚು ಹಿಡಿದಿತ್ತು. ಕಥೆಯ ಏಳು ಪಾತ್ರಗಳಿಗೆ ಒಂದೊಂದು, ಆ ಆಟದಲ್ಲೇ ಅತ್ಯಂತ ಪವರ್‌ಫುಲ್ ಅನ್ನೋದು ಇವೇ.

ಮಜಾ ಅಂದ್ರೆ ಈ ಆಟದಲ್ಲಿ ಆಯುಧದ ಮೇಲೆ ಅಟ್ಯಾಕ್ ಅಂತ ನಂಬರೇ ಬರ್ದಿರಲ್ಲ. ಈ ಥರದ ಬೇರೆ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಅಂಗಡಿಗೆ ಹೋಗಿ 40 ಇರೋ ಕತ್ತಿ ಬಿಟ್ಟು 55 ಇರೋದು ತಗೊಂಡು ಬರೋದು, ಯೋಚ್ನೆ ಮಾಡೋಕೇನಿಲ್ಲ. ಇಲ್ಲಿ ಕತ್ತಿ ಅಂದ್ರೆ ನಾಲ್ಕು ಗುಣಗಳ ಒಂದು ಖಾಲಿ ಚೀಲ, ಏಟಿನ ಜೋರೆಲ್ಲ ಪಾತ್ರದ ಸ್ಟ್ರೆಂತ್ ಮೇಲೆ. ಸೆಲೆಸ್ಟಿಯಲ್ ಆಯುಧದ ವಿಶೇಷ ಎರಡು. ಒಂದು, ಬ್ರೇಕ್ ಡ್ಯಾಮೇಜ್ ಲಿಮಿಟ್, ಅಂದ್ರೆ ಮಾಮೂಲಿ ಏಟು 9999ಕ್ಕೆ ನಿಲ್ಲುತ್ತೆ, ಇದಿದ್ರೆ 99999 ತನಕ ಹೋಗುತ್ತೆ. ಎರಡು, ಎದುರಾಳಿ ಡಿಫೆನ್ಸ್ ಎಷ್ಟೇ ಇರ್ಲಿ ಇದು ಲೆಕ್ಕಕ್ಕೇ ತಗೊಳಲ್ಲ. ಅದ್ರ ಜೊತೆ ಒಂದು ಕೊಕ್ಕೆ ಇದೆ, ಹೀರೋ ಟೀಡಸ್‌ನ ಕ್ಯಾಲಡ್‌ಬೋಲ್ಗ್ ಅವನ ಎಚ್‌ಪಿ (ಜೀವದ ಪಾಯಿಂಟು) ತುಂಬಿದ್ದಷ್ಟೂ ಜೋರು, ಪೆಟ್ಟು ತಿಂದ್ರೆ ಕತ್ತಿನೂ ಮೆತ್ತಗಾಗುತ್ತೆ. ಆರನ್‌ನ ಮಸಮುನೆ ಉಲ್ಟಾ, ಸಾಯೋ ಸ್ಥಿತಿಗೆ ಬಂದಷ್ಟೂ ಅದಕ್ಕೆ ರೋಷ. ಯೂನಾ, ಲುಲು ಇಬ್ರದ್ದು ಎಂಪಿ (ಮಂತ್ರ ಹಾಕೋ ಶಕ್ತಿ) ಮೇಲೆ. (ಟೀಡಸ್ಸೋ ಟೈಡಸ್ಸೋ ಅಂತ ಜಗಳ ಆಡ್ಬೇಡಿ, ಹೆಸರು ನಾವೇ ಬದಲಾಯ್ಸಬಹುದು ಅಂತ ಆ ಆಟದಲ್ಲಿ ಒಬ್ರೂ ಅವನ ಹೆಸರು ಬಾಯಿಬಿಟ್ಟು ಹೇಳಲ್ಲ.)

ನಾನು ಮಾಡಿದ ಮೊದಲ್ನೇ ತಪ್ಪು ಕ್ಯಾಲಡ್‌ಬೋಲ್ಗ್ ಸಿಕ್ಕಿದ ತಕ್ಷಣ ಕೈಗೆ ಕೊಟ್ಟಿದ್ದು. ಕಾಮ್ ಲ್ಯಾಂಡ್ಸ್ ಅನ್ನೋ ಬಯಲಲ್ಲಿ ಚೊಕೊಬೊ (ಸವಾರಿ ಮಾಡೋ ದೊಡ್ಡ ಹಕ್ಕಿ) ರೇಸ್ ಒಂದ್ಸಲ ಗೆದ್ರೆ ದಾರಿಗೆ ಅಡ್ಡ ನಿಂತಿರೋನು ಸರಿತಾನೆ, ಒಳಗೆ ಹೋದ್ರೆ ಕತ್ತಿ. ಹೆಸರು ನೋಡಿ, ಫಳಫಳ ಹೊಳೆಯೋದು ನೋಡಿ, ಹಾಕ್ಕೊಂಡು ಸುಮಾರು ಹೊತ್ತು ಬಡಿದಾಡಿದೆ. ಮಿಕ್ಕವರೆಲ್ಲ ಲೆವೆಲ್ ಏರ್ತಿದಾರೆ, ಟೀಡಸ್ ಮಾತ್ರ ಇದ್ದಲ್ಲೇ ಇದಾನೆ. ಆಮೇಲೆ ಮೆನು ತೆಗೆದು ಓದಿದ್ರೆ ಅದ್ರ ಗುಣ ಅಂತ ಇರೋದು ಒಂದೇ, ನೋ ಎಪಿ. ಅಂದ್ರೆ ಅದನ್ನ ಹಿಡಿದ್ರೆ ಅನುಭವದ ಪಾಯಿಂಟೇ ಸಿಗಲ್ಲ! ಜಗತ್ತಿನ ಅತಿ ದೊಡ್ಡ ಕತ್ತಿ, ಬೀಗ ಬಿಚ್ಚೋ ತನಕ ಅಂಗಡೀಲಿ ಸಿಗೋ ಚಾಕುಗಿಂತ ಕಡೆ. ಬೀಗ ಬಿಚ್ಚೋಕೆ ಪ್ರತಿ ಆಯುಧಕ್ಕೂ ಕ್ರೆಸ್ಟ್, ಸಿಗಿಲ್ ಅಂತ ಬೀಗದ ಕೈ ಥರದ ಎರಡು ವಸ್ತು ಬೇಕು, ಎರಡನ್ನೂ ತಗೊಂಡು ಮಕಲಾನಿಯಾ ಕಾಡಿಗೆ ಹೋಗಿ ಸೆಲೆಸ್ಟಿಯಲ್ ಮಿರರ್ ಅನ್ನೋ ಕನ್ನಡಿ ಹಿಡಿದು ತೋರಿಸ್ಬೇಕು.

ಟೀಡಸ್ ಸಿಗಿಲ್‌ಗೆ ಅದೇ ಚೊಕೊಬೊ ರೇಸ್ 0:0.0 ಟೈಮಲ್ಲಿ ಮುಗಿಸ್ಬೇಕು. ಸೊನ್ನೆ ಸೆಕೆಂಡಲ್ಲಿ ಓಡೋದು ಹೇಗೆ ಅಂದ್ರೆ, ದಾರೀಲಿ ಸಿಗೋ ಒಂದೊಂದು ಬಲೂನಿಗೆ 3 ಸೆಕೆಂಡ್ ಕಳೀತಾರೆ, ಮುಖಕ್ಕೆ ಒಂದೊಂದು ಹಕ್ಕಿ ಬಂದು ಬಡಿದ್ರೆ 3 ಸೆಕೆಂಡ್ ಕೂಡಿಸ್ತಾರೆ. ಚೊಕೊಬೊ ಅಂತೂ ಕುಡಿದೋರ ಬೈಕ್ ಥರ ಎಡಕ್ಕೆ ಅಂದ್ರೆ ಒಂಚೂರು ಬಲಕ್ಕೆ ಎಳ್ಕೊಂಡೇ ಹೋಗೋದು. ಎರಡು ವಾರ, ದಿನಾ ರಾತ್ರಿ ಊಟ ಆದ್ಮೇಲೆ. ಆಗಿದ್ದೂ ನನ್ನ ಜಾಣತನದಿಂದ ಅಲ್ಲ, ಒಂದಿನ ಹಕ್ಕಿಗಳು ಬೇರೆ ಕಡೆ ಹೋದ್ವು ಅಷ್ಟೆ.

ಕ್ರೆಸ್ಟ್ ಕಥೆ ಇನ್ನೂ ಬೇಜಾರಿನದು. ಅದು ಜನಾರ್ಕಂಡ್ ಅನ್ನೋ ಪಾಳುನಗರದಲ್ಲಿ ಯೂನಲೆಸ್ಕಾ ಅನ್ನೋ ದೊಡ್ಡ ವೈರೀನ ಸೋಲಿಸಿದ ಕೋಣೆಯಲ್ಲೇ ಪೆಟ್ಟಿಗೇಲಿ ಇರುತ್ತೆ, ಗೆದ್ದ ಖುಷೀಲಿ ನಾನು ಹೊರಗೆ ನಡೆದುಬಿಟ್ಟಿದ್ದೆ. ವಾಪಸ್ ಹೋದ್ರೆ ಎಚ್‌ಡಿ ವರ್ಷನ್‌ನಲ್ಲಿ ಡಾರ್ಕ್ ಬಹಾಮುತ್ ಅನ್ನೋ ದೈತ್ಯ ಕಾಯ್ತಾ ಇರ್ತಾನೆ, ಎಚ್‌ಪಿ 40 ಲಕ್ಷ. ನನ್ನ ಏಟು ಆಗ ಐದಾರು ಸಾವಿರ. ಹಂಗಾಗಿ ಯೊಜಿಂಬೋನ ಕರ್ದೆ. ಈ ಮನುಷ್ಯ ಬಾಡಿಗೆ ಸಮುರಾಯಿ, ಪ್ರತಿ ಸಲ ದುಡ್ಡು ಕೊಟ್ರೇನೆ ಕೆಲ್ಸ, ಎಷ್ಟು ಕೊಟ್ವಿ ಅನ್ನೋದ್ರ ಮೇಲೆ ಜೊತೆಗೆ ಅದೃಷ್ಟದ ಮೇಲೆ ಅವ್ನು ಏನ್ ಮಾಡ್ತಾನೆ ಅನ್ನೋದು ನಿಂತಿದೆ. ಮನಸ್ಸು ಬಂದ್ರೆ ಜನ್‌ಮಾಟೊ ಅಂತ ಒಂದೇ ಒಂದು ಏಟು, ಎದುರಿಗೆ ಯಾರೇ ಇರ್ಲಿ ಎರಡು ತುಂಡು. ಇದ್ದಬದ್ದ ಗಿಲ್ (ಆಟದ ದುಡ್ಡು) ಎಲ್ಲ ಸುರಿದೆ, ಮೂರು ಸಲ ನಾಯಿ ಛೂ ಬಿಟ್ಟು ಮರ್ಯಾದೆ ತೆಗ್ದ, ಲೋಡ್ ಮಾಡಿ ಲೋಡ್ ಮಾಡಿ ನಾಲ್ಕನೇ ಸಲ ಹೊಡೆದ. 40 ಲಕ್ಷ ಎಚ್‌ಪಿ ಒಂದು ಕ್ಷಣದಲ್ಲಿ ಹೋಯ್ತು. ನನ್ ಕೇಳಿದ್ರೆ ಈ ಆಟದ ನಂಬರ್ ಒನ್ ಆಯುಧ ಆ ಏಳರಲ್ಲಿ ಯಾವುದೂ ಅಲ್ಲ, ಇವನ ಕತ್ತಿನೇ, ಆದ್ರೆ ಅದು ನಮ್ದಲ್ಲ, ಬಾಡಿಗೆದು.

ಇನ್ನು ಸಿಡಿಲಿನ ವಿಷಯಕ್ಕೆ ಬರೋಣ. ಲುಲು ಸಿಗಿಲ್ ಬೇಕಂದ್ರೆ ಥಂಡರ್ ಪ್ಲೇನ್ಸಲ್ಲಿ ಒಂದೂ ತಪ್ಪದೆ ಸಾಲಾಗಿ 200 ಸಿಡಿಲು ತಪ್ಪಿಸ್ಕೋಬೇಕು. ಸ್ಕ್ರೀನ್ ಬೆಳ್ಳಗೆ ಮಿಂಚುತ್ತೆ, ಆ ಕಣ್ಣು ಮಿಟುಕಿಸೋಷ್ಟ್ರಲ್ಲಿ ಎಕ್ಸ್ ಬಟನ್ ಒತ್ಬೇಕು. ಒಂದು ತಗುಲಿದ್ರೆ ಮತ್ತೆ ಸೊನ್ನೆಯಿಂದ. ಎಷ್ಟಾಯ್ತು ಅಂತ ಎಲ್ಲೂ ತೋರ್ಸಲ್ಲ, ನಾವೇ ಎಣಿಸ್ಕೋಬೇಕು. ಸುಮ್ನೆ ಬಯಲಲ್ಲಿ ಓಡಾಡ್ತಾ ಕಾದ್ರೆ ಸಿಡಿಲು ಯಾವಾಗ ಬೇಕಾದ್ರೂ ಬರುತ್ತೆ, ಕಣ್ಣು ಉರಿ ಬಂದು ನಲವತ್ತು ದಾಟೋದೇ ಕಷ್ಟ. ಅದಕ್ಕೆ ಎಲ್ರೂ ಮಾಡೋ ಉಪಾಯ ದಕ್ಷಿಣದ ಭಾಗದಲ್ಲಿರೋ ಸಣ್ಣ ಗುಂಡಿ. ಅದ್ರೊಳಗೆ ಕಾಲಿಟ್ರೆ ಸಾಕು ಸಿಡಿಲು ಬೀಳುತ್ತೆ, ಹೊರಗೆ ಬಂದು ಮತ್ತೆ ಕಾಲಿಟ್ರೆ ಮತ್ತೆ ಬೀಳುತ್ತೆ. ನಮ್ಮ ತಾಳಕ್ಕೆ ಬೀಳೋ ಸಿಡಿಲು. ಮಧ್ಯೆ ರಾಕ್ಷಸರು ಬಂದು ತಾಳ ಕೆಡಿಸ್ಬಾರ್ದು ಅಂತ ನೋ ಎನ್‌ಕೌಂಟರ್ಸ್ ಇರೋ ಒಂದು ಆರ್ಮರ್ ಹಾಕ್ಕೊಳೋದು, ಅದು ಪ್ಯೂರಿಫೈಯಿಂಗ್ ಸಾಲ್ಟ್ 30 ಹಾಕಿದ್ರೆ ಆಗುತ್ತೆ.

ಪ್ಲಗ್ ಕಿತ್ತ ಮೇಲೆ ಎರಡು ದಿನ ಕಂಟ್ರೋಲರ್ ಮುಟ್ಲಿಲ್ಲ. ಮೂರನೇ ದಿನ ಬೆಳಿಗ್ಗೆ, ಮೋಡ ಇಲ್ಲ ಅಂತ ಅಂಗಳಕ್ಕೆ ಹೋಗಿ ನೋಡಿ ಬಂದು, ತಂಗೀನ ಕೂರಿಸ್ಕೊಂಡೆ. ಮೊದಲ್ನೇ ಸಲ ಬಾಯಲ್ಲಿ ಎಣಿಸಿದ್ದು, ಎಣಿಸೋ ಕಡೆ ಗಮನ ಹೋಗಿ ಬೆರಳು ತಡ ಆಗ್ತಿತ್ತು. ಈ ಸಲ ಚೌಕಾಬಾರಕ್ಕೆ ಅಂತ ಇಟ್ಟಿದ್ದ ಹುಣಸೆ ಬೀಜ 210 ಎಣಿಸಿ (ಹತ್ತು ಜಾಸ್ತಿ, ತಪ್ಪಿ ಹೋದ್ರೆ ಇರ್ಲಿ ಅಂತ) ಒಂದು ಬಟ್ಲಲ್ಲಿ ಹಾಕಿ ಅವಳ ಮುಂದೆ ಇಟ್ಟೆ, ಒಂದು ಸಿಡಿಲಿಗೆ ಒಂದು ಬೀಜ ಈ ಬಟ್ಲಿಂದ ಆ ಬಟ್ಲಿಗೆ. ನಾನು ಬಿಳಿ ಮಿಂಚು ಬಿಟ್ಟು ಬೇರೇನೂ ನೋಡ್ಬಾರ್ದು, ಅವಳು ಮಾತಾಡ್ಬಾರ್ದು. ಟಕ್, ಟಕ್ ಅಂತ ಸ್ಟೀಲ್ ಬಟ್ಲಿಗೆ ಬೀಜ ಬೀಳೋ ಸದ್ದು ಮಾತ್ರ. ಇನ್ನೊಂದು ಕಲ್ತಿದ್ದು, ಮಿಂಚು ಕಂಡ್ಮೇಲೆ ಒತ್ತೋಣ ಅಂತ ಕಾಯೋದಲ್ಲ, ಗುಂಡಿಗೆ ಕಾಲಿಟ್ಟ ಮೇಲೆ ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದು ಮೈಗೆ ಹತ್ತಬೇಕು, ಕಣ್ಣು ಬರೀ ಹೌದು ಅನ್ನೋಕೆ. 120ರ ಹತ್ರ ಹೆಬ್ಬೆರಳು ಮರಗಟ್ಟಿತು, ಆಟ ಪಾಜ್ ಮಾಡಿ ಕೈ ಕೊಡವಿ ಮುಂದುವರೆಸಿದೆ. 180 ಆದ್ಮೇಲೆ ಅಂಗೈ ಬೆವರಿ ಕಂಟ್ರೋಲರ್ ಜಾರ್ತಿತ್ತು. ಮೊದಲ್ನೇ ಬಟ್ಲು ಖಾಲಿ ಆಯ್ತು. 210. ಬಯಲಲ್ಲಿರೋ ಟ್ರಾವೆಲ್ ಏಜೆನ್ಸಿ ಮುಂದಿನ ಪೆಟ್ಟಿಗೇಲಿ ಸಿಗಿಲ್ ಸಿಕ್ತು, ಟ್ರೋಫಿ ಬಂತು, ನಾನು ಸೋಫಾ ಮೇಲೆ ಅಡ್ಡ ಬಿದ್ದೆ.

ಕ್ರೆಸ್ಟ್ ಮೊದ್ಲೇ ಇತ್ತು, ಕಾಡಿಗೆ ಹೋಗಿ ಕನ್ನಡಿ ತೋರಿಸಿ ಲುಲು ಆಯುಧ ಆನಿಯನ್ ನೈಟ್ ರೆಡಿ ಮಾಡಿದೆ. ತಂಗಿ ಟಿವಿ ಹತ್ರ ಹೋಗಿ ನೋಡಿ "ಅಣ್ಣಾ, ಇದು ಬೊಂಬೆ ಅಲ್ವನೋ?" ಅಂದ್ಲು. ಬೊಂಬೆನೇ. ಲುಲು ಹಿಡಿಯೋದೇ ಬೊಂಬೆಗಳನ್ನ. "ಇಷ್ಟೊತ್ತು ಬೀಜ ಹಾಕಿದ್ದು ಬೊಂಬೆಗಾ?" ಸರಿ, ತೋರಿಸ್ತೀನಿ ನೋಡು ಅಂತ ಎದುರಿಗೆ ಬಂದ ಮೊದಲ್ನೇ ರಾಕ್ಷಸನ ಮೇಲೆ ಫೈರಾಗ ಅನ್ನೋ ಬೆಂಕಿ ಮಂತ್ರ ಬಿಟ್ಟೆ. ಐದು ಸಾವಿರ ಚಿಲ್ಲರೆ. ಹಳೇ ಬೊಂಬೇಲೂ ಹೆಚ್ಚುಕಮ್ಮಿ ಅಷ್ಟೇ ಬರ್ತಿತ್ತು.

ಯಾಕಂದ್ರೆ ಲಿಮಿಟ್ ತೆಗಿಯೋ ಆಯುಧ ಲಿಮಿಟ್ ಅಷ್ಟೇ ತೆಗಿಯೋದು, ಅಲ್ಲಿ ತನಕ ಹೋಗೋ ತಾಕತ್ತು ಮ್ಯಾಜಿಕ್ ಸ್ಟ್ಯಾಟಲ್ಲಿ ಇರ್ಬೇಕು. ಆಮೇಲೆ ಮಾನ್ಸ್ಟರ್ ಅರೀನಾದಲ್ಲಿ ಜಗರ್ನಾಟ್ ಅನ್ನೋ ರಾಕ್ಷಸನ್ನ ಹೊಡೆದೂ ಹೊಡೆದೂ ಸ್ಟ್ರೆಂತ್ ಏರಿಸೋ ಸ್ಫಿಯರ್ ಒಟ್ಟು ಮಾಡಿ ಟೀಡಸ್‌ಗೆ ತುಂಬಿದ್ಮೇಲೆ ಕ್ಯಾಲಡ್‌ಬೋಲ್ಗ್‌ನಲ್ಲಿ 99999 ಕಂಡೆ, ಅದಕ್ಕೆ ಹಿಡಿದ ಟೈಮಲ್ಲಿ ಸಿಡಿಲು ಚೊಕೊಬೊ ಎಲ್ಲ ಮೂರು ಸಲ ಮಾಡ್ಬಹುದಿತ್ತು. ಕ್ವಿಕ್ ಹಿಟ್ ಅನ್ನೋ ಬೇಗ ಹೊಡೆಯೋ ವಿದ್ಯೆ ಬಂದ್ಮೇಲೆ ಲುಲು ಟರ್ನ್ ಬರೋದ್ರೊಳಗೆ ಟೀಡಸ್ ಎರಡು ಮೂರು ಸಲ ಹೊಡೆದಿರ್ತಿದ್ದ. ಲುಲು ಬೆಂಚಲ್ಲೇ ಉಳಿದ್ಲು, ಬೊಂಬೆ ಸಮೇತ.

ಗೈಡ್ ನೋಡದೇ ಆಡೋದೇ ನಿಜವಾದ ಆಟ ಅನ್ನೋ ಜನ ಇದಾರೆ, ಅವ್ರಿಗೆ ಫೈನಲ್ ಫ್ಯಾಂಟಸಿ 12ರ ಜೋಡಿಯಾಕ್ ಸ್ಪಿಯರ್ ತೋರಿಸ್ಬೇಕು. 2006ರ ಮೂಲ ಆಟದಲ್ಲಿ ಅಟ್ಯಾಕ್ 150 ಇರೋ ಈಟಿ, ಆದ್ರೆ ಬೇರೆಬೇರೆ ಕಡೆ ಇಟ್ಟಿರೋ ನಾಲ್ಕು ಮಾಮೂಲಿ ಪೆಟ್ಟಿಗೆಗಳಲ್ಲಿ ಒಂದನ್ನ ತೆರೆದ್ರೂ ಆ ಈಟಿ ಮುಂದೆ ಅದ್ರ ಪೆಟ್ಟಿಗೇಲಿ ಸಿಗೋದೇ ಇಲ್ಲ, ಮತ್ತೆ ಮುಟ್ಬೇಡ ಅಂತ ಆಟದಲ್ಲಿ ಒಬ್ರೂ ಹೇಳಲ್ಲ. ನಾನು ಮೊದಲ್ನೇದನ್ನ ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ತೆರೆದಿದ್ದೆ. ಪೆಟ್ಟಿಗೆ ಕಂಡ್ರೆ ತೆರೀದೆ ಇರ್ತಾರಾ ಯಾರಾದ್ರೂ! 2017ರ ಜೋಡಿಯಾಕ್ ಏಜ್‌ನಲ್ಲಿ ಆ ನಿಯಮ ತೆಗೆದ್ರು, ನನ್ನ ಪಿಎಸ್2 ಸೇವ್‌ಗೆ ಅದ್ರಿಂದ ಏನೂ ಪ್ರಯೋಜನ ಆಗ್ಲಿಲ್ಲ.

ಆ ಏಳು ಸೆಲೆಸ್ಟಿಯಲ್ ಆಯುಧಗಳಲ್ಲಿ ಕಿಮಾರಿ ಅನ್ನೋ ಪಾತ್ರದ್ದು ಇನ್ನೂ ಬಾಕಿ ಇದೆ. ಅವಂದು ಕಾಡಲ್ಲಿ ಚಿಟ್ಟೆ ಹಿಡಿಯೋದು, ಟೈಮ್ ಮುಗಿಯೋದ್ರೊಳಗೆ ನೀಲಿ ಎಲ್ಲ ಹಿಡೀಬೇಕು, ಕೆಂಪು ತಗುಲಿದ್ರೆ ಫೈಟು. ನನ್ನ ಟಿವೀಲಿ ಆ ಕಾಡೇ ಪೂರ್ತಿ ನೀಲಿ ಕಾಣುತ್ತೆ. ತಂಗೀನ ಕರೆದು ಯಾವುದು ಕೆಂಪು ಅಂತ ಹೇಳೇ ಅಂದೆ, ಈ ಸಲ ಎಂತಾ ಬೊಂಬೆ ಅಂತ ಮೊದ್ಲು ಹೇಳು, ಆಮೇಲೆ ಬರ್ತೀನಿ ಅಂದ್ಲು.