ನೈರೋಬಿಯ ಬೀದಿ ಮಕ್ಕಳ ನಡುವೆ ಕೆಲಸಕ್ಕೆ ಹೊರಡುವ ಮುನ್ನ

ಕೀನ್ಯಾದ ನೈರೋಬಿಯಲ್ಲಿ ಬೀದಿ ಮಕ್ಕಳ ನಡುವೆ ಸ್ವಯಂಸೇವಕರಾಗಿ ದುಡಿಯಲು ಹೊರಟವರು ಮೊದಲು ಬಿಡಬೇಕಾದದ್ದು ‘ಚೊಕೊರಾ’ ಎಂಬ ಮಾತನ್ನು. ಕಸ ಕೆದಕುವವರು ಎಂಬ ಅರ್ಥದ ಈ ಪದ ಊರಿನವರ ಬಾಯಲ್ಲಿ ಸಲೀಸಾಗಿ ಬರುತ್ತದೆಯಾದರೂ ಮಕ್ಕಳ ಕಿವಿಗೆ ಅದು ಬೈಗುಳವೇ. ಹೆಸರು ಕೇಳಿ ತಿಳಿದು, ಹೆಸರು ಹಿಡಿದೇ ಕರೆಯಿರಿ.

ಅವರ ದುಡಿಮೆಯನ್ನು ದುಡಿಮೆಯೆಂದೇ ಕಾಣಿರಿ. ಕಾರು ನಿಲ್ಲಿಸುವವರಿಗೆ ಜಾಗ ತೋರಿಸಿ ಚಿಲ್ಲರೆ ಪಡೆಯುತ್ತಿದ್ದ ಮಕ್ಕಳನ್ನು 1970ರ ದಶಕದಲ್ಲಿ ‘ಪಾರ್ಕಿಂಗ್ ಬಾಯ್ಸ್’ ಎನ್ನುತ್ತಿದ್ದರು. ಡಚ್ ಪಾದ್ರಿ ಆರ್ನಾಲ್ಡ್ ಗ್ರೋಲ್ 1973ರಲ್ಲಿ ಉಂಡುಗು ಸೊಸೈಟಿಯನ್ನು ಕಟ್ಟಿದ್ದು ಅಂಥವರಿಗಾಗಿ. ಇಂದು ಹಲವರ ಕಸುಬು ಗುಜರಿ ಆಯುವುದು. ಬೆನ್ನ ಮೇಲೆ ಚೀಲ ಹೊತ್ತು ಸರಸರನೆ ನಡೆಯುತ್ತಿರುವ ಮಗುವನ್ನು ತಡೆದು ಮಾತಿಗೆಳೆದರೆ ಅದರ ಊಟವನ್ನೇ ತಡೆದಂತೆ. ಗುಜರಿ ಅಂಗಡಿಯ ತಕ್ಕಡಿಯ ಮುಂದೆ ಹುಡುಗನೊಬ್ಬ ಚೀಲ ಸುರಿದು ಕಬ್ಬಿಣ, ಪ್ಲಾಸ್ಟಿಕ್, ರಟ್ಟುಗಳನ್ನು ಬೇರೆ ಬೇರೆ ಗುಡ್ಡೆ ಮಾಡುವುದನ್ನು ಗಮನಿಸಿ: ಯಾವುದಕ್ಕೆ ಎಷ್ಟು ಶಿಲಿಂಗ್ ಎಂಬುದು ಅವನಿಗೆ ಬಾಯಿಪಾಠ, ತೂಗುವವನ ಲೆಕ್ಕವನ್ನು ಪ್ರಶ್ನಿಸುವ ಬಲ ಮಾತ್ರ ಇಲ್ಲ. ಆ ಹೊತ್ತಿನಲ್ಲಿ ನೀವು ಸುಮ್ಮನೆ ಪಕ್ಕದಲ್ಲಿ ನಿಂತರೂ ಅದು ಉಪಕಾರವೇ. ದುಡ್ಡು ಕೂಡಿಡು ಎಂದು ಉಪದೇಶಿಸಬೇಡಿ. ರಾತ್ರಿ ಜೇಬಿನಲ್ಲಿ ಉಳಿದದ್ದು ದೊಡ್ಡ ಹುಡುಗರ ಪಾಲಾಗಬಹುದಾದ್ದರಿಂದ ಅಂದಿನದನ್ನು ಅಂದೇ ಉಂಡು ಮುಗಿಸುವುದು ಅವರ ಮಟ್ಟಿಗೆ ವಿವೇಕವೇ ಸರಿ.

ತುಟಿಗೆ ಕಚ್ಚಿಕೊಂಡ ಗೋಂದಿನ ಬಾಟಲಿಯನ್ನು ಕಂಡು ಗಾಬರಿಯಾಗುವುದು ಸಹಜ. ಅದು ಚಪ್ಪಲಿ ಹೊಲಿಯುವವರು ಬಳಸುವ ಅಂಟು. ಸುಮಾರು 1,800 ಮೀಟರ್ ಎತ್ತರದ ಈ ನಗರದಲ್ಲಿ ಜುಲೈ ರಾತ್ರಿಗಳು ಕೊರೆಯುತ್ತವೆ; ಅಂಗಡಿ ಜಗುಲಿಯಲ್ಲಿ ಮಲಗುವ ಮಗುವಿಗೆ ಆ ವಾಸನೆ ಹಸಿವನ್ನೂ ಚಳಿಯನ್ನೂ ಭಯವನ್ನೂ ಮರೆಸುತ್ತದೆ, ಜೊತೆಗೆ ಮಿದುಳನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ. ಬಾಟಲಿಯನ್ನು ಕಿತ್ತುಕೊಂಡರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಚಟ ಹೋಗುವುದಿಲ್ಲ. ಬಿಸಿ ಊಟ, ಹೊದಿಕೆ, ವಾರವಾರವೂ ಅದೇ ಜಾಗಕ್ಕೆ ಅದೇ ಹೊತ್ತಿಗೆ ನಿಮ್ಮ ಬರವು, ಇವು ಮೊದಲಾಗಲಿ.

ಹುಡುಗಿಯರು ಕಣ್ಣಿಗೆ ಬೀಳುವುದು ಕಡಿಮೆ, ಅವರಿಗಿರುವ ಅಪಾಯ ಹೆಚ್ಚು. ಅವರೊಡನೆ ಮಾತುಕತೆಯನ್ನು ಅನುಭವಿ ಕಾರ್ಯಕರ್ತೆಯರಿಗೇ ಬಿಡುವುದು ಕ್ಷೇಮ. ಯಾರ ಫೋಟೋವನ್ನೂ ತೆಗೆಯಬೇಡಿ.

ಎಲ್ಲರೂ ಅನಾಥರೆಂದು ತಿಳಿಯಬಾರದು. ಹಗಲೆಲ್ಲ ದುಡಿದು ರಾತ್ರಿ ತಾಯಿಯ ಗುಡಿಸಲಿಗೆ ಮರಳುವವರಿದ್ದಾರೆ. ಹೊಡೆತ ತಾಳದೆ ಮನೆ ಬಿಟ್ಟವರೂ ಇದ್ದಾರೆ. ಆದ್ದರಿಂದ ಮನೆಗೆ ಕಳಿಸುವ ಮಾತನ್ನು ಮಗುವೇ ಎತ್ತುವವರೆಗೆ ಕಾಯಿರಿ. ಯಾವ ಮಗುವನ್ನೂ ನೀವಾಗಿ ವಾಹನಕ್ಕೆ ಹತ್ತಿಸಿಕೊಂಡು ಹೋಗಬೇಡಿ. ಮಕ್ಕಳ ರಕ್ಷಣೆಯ ಹೊಣೆಯನ್ನು ಅಲ್ಲಿನ 2022ರ ಮಕ್ಕಳ ಕಾಯ್ದೆ ಸರ್ಕಾರಿ ಅಧಿಕಾರಿಗಳಿಗೆ ವಹಿಸಿದೆ. ಗಾಯವನ್ನೋ ದೌರ್ಜನ್ಯದ ಗುರುತನ್ನೋ ಕಂಡರೆ ಅಲ್ಲಿಂದಲೇ ಉಚಿತ ಮಕ್ಕಳ ಸಹಾಯವಾಣಿ 116ಕ್ಕೆ ಕರೆ ಮಾಡಿ, ನೆರವು ತಲುಪುವವರೆಗೆ ಮಗುವಿನ ಬಳಿಯೇ ಇರಿ.