ಕಾಂಕ್ರೀಟ್ ನೆಲದ ಎಣ್ಣೆ ಕಲೆಗೆ ಪಟ್ಟು ಹಾಕಿದ ನನ್ನ ಅನುಭವ

ಗಾಡಿ ನಿಲ್ಲಿಸುವ ಜಾಗದ ಕಾಂಕ್ರೀಟ್ ನೆಲದಲ್ಲಿ ಎಂಜಿನ್ ಆಯಿಲ್ ತೊಟ್ಟಿಕ್ಕಿ, ತಟ್ಟೆಯಗಲದ ಕಪ್ಪು ಕಲೆಯೊಂದು ತಿಂಗಳುಗಟ್ಟಲೆ ಉಳಿದುಬಿಟ್ಟಿತ್ತು. ಅದನ್ನು ತೆಗೆಯಲು ನಾನು ಮೊದಲು ಆ್ಯಸಿಡ್ ಸುರಿದೆ, ಅದು ತಪ್ಪಾಯಿತು. ಬುಸುಬುಸು ನೊರೆಯೆದ್ದದ್ದನ್ನು ಕಂಡು ಕಲೆ ಕರಗುತ್ತಿದೆಯೆಂದು ಭಾವಿಸಿದೆ. ಕರಗುತ್ತಿದ್ದದ್ದು ಸಿಮೆಂಟಿನಲ್ಲಿರುವ ಸುಣ್ಣದ ಅಂಶ. ಸುತ್ತಲಿನ ನೆಲ ಸವೆದು ಮರಳು ಕಾಣಿಸಿಕೊಂಡಿತೇ ಹೊರತು, ಆಮ್ಲಕ್ಕೆ ಜಗ್ಗದ ಎಣ್ಣೆ ಇದ್ದಲ್ಲೇ ಇತ್ತು.

ಕಾಂಕ್ರೀಟ್ ನೋಡಲು ಕಲ್ಲಿನಂತಿದ್ದರೂ ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಹಳೆಯ ಎಣ್ಣೆ ಅವುಗಳೊಳಗೆ ಇಳಿದು ಕುಳಿತಿರುತ್ತದೆ. ಆದ್ದರಿಂದ ಮೇಲೆ ಎಷ್ಟು ಉಜ್ಜಿದರೂ ಸಾಲದು, ಒಳಗಿನದನ್ನು ಮೇಲಕ್ಕೆ ಹೀರಿಸಬೇಕು.

ಮೇಲ್ಪದರದ ಜಿಡ್ಡಿಗೆ ಬಿಸಿನೀರು, ಪಾತ್ರೆ ತೊಳೆಯುವ ದ್ರವ ಮತ್ತು ನೈಲಾನ್ ಬ್ರಷ್ ಸಾಕಾದವು. ತಂತಿ ಬ್ರಷ್‌ನ ಚೂರುಗಳು ನೆಲದಲ್ಲಿ ಸಿಕ್ಕಿಕೊಂಡು ತುಕ್ಕಿನ ಕಲೆ ಬಿಡುವುದರಿಂದ ಅದನ್ನು ಮುಟ್ಟಲಿಲ್ಲ. ವಾಷಿಂಗ್ ಸೋಡಾ ಅಡುಗೆ ಎಣ್ಣೆಯ ಜಿಡ್ಡಿಗೆ ಒಳ್ಳೆಯದು, ಏಕೆಂದರೆ ಕ್ಷಾರ ಅದನ್ನು ಸ್ವಲ್ಪಮಟ್ಟಿಗೆ ಸಾಬೂನಾಗಿಸುತ್ತದೆ; ಎಂಜಿನ್ ಆಯಿಲ್ ಹಾಗೆ ಸಾಬೂನಾಗುವುದಿಲ್ಲ.

ನೆಲ ಪೂರ್ತಿ ಒಣಗಿದ ಮೇಲೆ, ಮೈಮೇಲಿನ ಊತಕ್ಕೆ ಪಟ್ಟು ಹಾಕುವಂತೆಯೇ ಕಲೆಗೂ ಪಟ್ಟು ಹಾಕಿದೆ. ಟಾಲ್ಕ್ ಪುಡಿಗೆ, ಬಣ್ಣ ತೆಳುವಾಗಿಸಲು ಬಳಸುವ ಮಿನರಲ್ ಟರ್ಪೆಂಟೈನನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ, ಕರಣೆಯಿಂದ ಜಾರದಷ್ಟು ಗಟ್ಟಿಯಾಗಿ ಕಲಸಿಕೊಂಡು, ಕಲೆಯ ಅಂಚಿನಿಂದ ಎರಡು ಬೆರಳಿನಷ್ಟು ಆಚೆಗೂ ಬರುವಂತೆ ಸುಮಾರು 1 ಸೆಂಟಿಮೀಟರ್ ದಪ್ಪಕ್ಕೆ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳಿಗೆ ಟೇಪ್ ಅಂಟಿಸಿದೆ. ಟರ್ಪೆಂಟೈನ್ ಬೆಂಕಿ ಹತ್ತುವ ದ್ರವ. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು, ಹತ್ತಿರದಲ್ಲಿ ಕಿಡಿಯಿಲ್ಲದಂತೆ ನೋಡಿಕೊಂಡೇ ಮಾಡಬೇಕು. 24 ಗಂಟೆಯ ನಂತರ ಹಾಳೆ ತೆಗೆದು ಒಣಗಲು ಬಿಟ್ಟೆ. ದ್ರವ ಮೊದಲು ಒಳಗಿಳಿದು ಎಣ್ಣೆಯನ್ನು ಕರಗಿಸುತ್ತದೆ. ಒಣಗುವಾಗ ಆ ಎಣ್ಣೆಯನ್ನು ಮೇಲಕ್ಕೆ ತಂದು ಪುಡಿಯಲ್ಲಿ ಬಿಟ್ಟು ಆರಿಹೋಗುತ್ತದೆ. ಬಿಳಿಯ ಪುಡಿಯ ಅಡಿಭಾಗ ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಕೆರೆದ ಪುಡಿಯನ್ನು ಚರಂಡಿಗೆ ಹಾಕದೆ, ಬಯಲಿನಲ್ಲಿ ಪೂರ್ತಿ ಆರಿಸಿ ಬೇರೆಯಾಗಿ ಕಟ್ಟಿಟ್ಟೆ.

ಇದನ್ನು ಮೂರು ಸಲ ಮಾಡಬೇಕಾಯಿತು. ಎಣ್ಣೆ ಇನ್ನೂ ಉಳಿದಿದೆಯೇ ಎಂದು ತಿಳಿಯಲು ಪ್ರತಿ ಸಲವೂ ಒಣಗಿದ ನೆಲದ ಮೇಲೆ ಒಂದು ಹನಿ ನೀರು ಹಾಕಿ ನೋಡುತ್ತಿದ್ದೆ: ಮೊದಲೆರಡು ಸಲ ಅದು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತಿತು, ಮೂರನೆಯ ಸಲ ನಿಧಾನವಾಗಿ ಹರಡಿ ನೆಲದೊಳಗೆ ಇಂಗಿತು. ತೆಳುವಾದ ನೆರಳೊಂದು ಇನ್ನೂ ಇದೆ. ಈಗ ಎಣ್ಣೆ ಚೆಲ್ಲಿದ ಕೂಡಲೇ, ಒರೆಸಿ ಹರಡದೆ, ಮರದ ಹೊಟ್ಟು ಸುರಿದು ಹೀರಿಸಿಬಿಡುತ್ತೇನೆ.